ಸಾಲ್ಟ್ ಲೇಕ್ ಸಿಟಿಯಲ್ಲಿ ಅಲಾರಂ ಹೊಡೆದ್ರೆ ಪೊಲೀಸ್ ಬರಲ್ಲ ಅಂದಾಗ ಏನಾಯ್ತು

2000ನೇ ಇಸವಿ ಡಿಸೆಂಬರ್ 1ರಿಂದ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಹೊಸ ರೂಲ್ ಒಂದು ಶುರುವಾಯ್ತು. ಮನೆಯಲ್ಲೋ ಅಂಗಡಿಯಲ್ಲೋ ಕಳ್ಳರ ಅಲಾರಂ ಹೊಡ್ಕೊಂಡ್ರೆ ಅಷ್ಟಕ್ಕೇ ಪೊಲೀಸ್ ಗಾಡಿ ಹೊರಡಲ್ಲ, ಮೊದ್ಲು ಯಾರಾದ್ರೂ ಒಬ್ರು ಸ್ಥಳಕ್ಕೆ ಹೋಗಿ ನೋಡ್ಬೇಕು, ಬಾಗಿಲು ಮುರಿದಿದೆ, ಗಾಜು ಒಡೆದಿದೆ, ಒಳಗೆ ಯಾರೋ ಇದ್ದಾರೆ ಅಂತ ಕಣ್ಣಾರೆ ಕಂಡು ಹೇಳ್ಬೇಕು, ಆಮೇಲೆ ಪೊಲೀಸ್ ಬರ್ತಾರೆ. ನೋಡೋರು ಮನೆ ಓನರೇ ಆಗ್ಬೋದು, ಪಕ್ಕದ ಮನೆಯವರಾಗ್ಬೋದು, ಅಲಾರಂ ಕಂಪನಿ ಕಳಿಸಿದ ಸೆಕ್ಯುರಿಟಿ ಗಾರ್ಡ್ ಆಗ್ಬೋದು. ಇದಕ್ಕೆ ಅಲ್ಲಿನವರು ವೆರಿಫೈಡ್ ರೆಸ್ಪಾನ್ಸ್ ಅಂತಾರೆ.

ಕೇಳೋಕೆ ಇದು ಪೊಲೀಸರು ಕೈ ಎತ್ತಿದ ಹಾಗೆ ಕಾಣುತ್ತೆ, ಆಗ ಅಲ್ಲಿ ತುಂಬಾ ಜನಕ್ಕೂ ಹಾಗೇ ಅನಿಸ್ತು. ಆದ್ರೆ ಫಾಲ್ಸ್ ಅಲಾರಂ, ಅಂದ್ರೆ ಕಳ್ಳ ಇಲ್ಲದೇ ಸುಮ್ನೆ ಹೊಡ್ಕೊಳ್ಳೋ ಅಲಾರಂ, ಕಡಿಮೆ ಮಾಡೋಕೆ ಊರೂರಲ್ಲಿ ಏನೇನೋ ಮಾಡಿ ನೋಡಿರೋ ಪೈಕಿ ನನ್ನ ಪ್ರಕಾರ ಇದರಷ್ಟು ಕಲಿಯೋಕೆ ಸಿಗೋ ಕೇಸ್ ಇನ್ನೊಂದಿಲ್ಲ. ಸೆಕ್ಯುರಿಟಿ ಸಿಸ್ಟಂ ಫೀಲ್ಡಲ್ಲಿ ಕೆಲಸ ಮಾಡೋ ನನಗೆ ಈ ವಿಷಯ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು, ಯಾಕಂದ್ರೆ ಪರ್ಮಿಟ್ಟು, ದಂಡ, ಒಳ್ಳೆ ಸೆನ್ಸರ್ ಇವೆಲ್ಲ ಇದ್ರೂ ಯಾಕೆ ಸಾಕಾಗಲ್ಲ ಅನ್ನೋದು ಈ ಒಂದು ಊರಿನ ಕಥೆಯಲ್ಲಿ ಬಿಡಿಸಿಟ್ಟ ಹಾಗೆ ಗೊತ್ತಾಗುತ್ತೆ.

ಮೊದ್ಲು ಪರಿಸ್ಥಿತಿ ಹೇಗಿತ್ತು ನೋಡಿ. ರೂಲ್ ಬರೋಕೆ ಮುಂಚೆ ಆ ಊರಿನ ಪೊಲೀಸರಿಗೆ ವರ್ಷಕ್ಕೆ ಎಂಟು ಸಾವಿರಕ್ಕೂ ಜಾಸ್ತಿ ಅಲಾರಂ ಕರೆ ಬರ್ತಿತ್ತು, ಅವರು ಗಾಡಿ ಕಳಿಸ್ತಿದ್ದ ಒಟ್ಟು ಕರೆಗಳಲ್ಲಿ ಹತ್ತತ್ರ 12% ಬರೀ ಇದೇ. ಅದರಲ್ಲಿ ನಿಜವಾಗ್ಲೂ ಅಪರಾಧ ನಡೆದಿದ್ದು 1% ಕೂಡ ಇಲ್ಲ, 0.3% ಆಸುಪಾಸು. ಅಂದ್ರೆ ಸಾವಿರ ಸಲ ಗಾಡಿ ಓಡಿಸಿದ್ರೆ ಮೂರು ಸಲ ಕೇಸ್ ಬರೆಯೋ ಅಂಥದ್ದು ಏನಾದ್ರೂ ಸಿಗೋದು, ಉಳಿದ 997 ಸಲ ಸುಮ್ನೆ ಹೋಗಿ ಬಾಗಿಲು ಅಲ್ಲಾಡಿಸಿ ನೋಡಿ ವಾಪಸ್. ಇದು ಆ ಊರಿನ ಪೊಲೀಸರ ದುರದೃಷ್ಟ ಏನಲ್ಲ, ಇಡೀ ಅಮೆರಿಕದಲ್ಲೇ 94ರಿಂದ 98% ಅಲಾರಂ ಸುಳ್ಳು ಅಂತ ಆ ಕಾಲದ ಪೊಲೀಸ್ ಲೆಕ್ಕಗಳು ಹೇಳ್ತಿದ್ವು. 2002ರಲ್ಲಿ ದೇಶದಾದ್ಯಂತ ಪೊಲೀಸರು ಸುಮಾರು 3.6 ಕೋಟಿ ಅಲಾರಂಗಳ ಹಿಂದೆ ಓಡಿದ್ರು, ಖರ್ಚು ಅಂದಾಜು 180 ಕೋಟಿ ಡಾಲರ್.

ಒಂದು ಕರೆ ಅಂದ್ರೆ ಏನು ಅಂತ ಹತ್ತಿರದಿಂದ ನೋಡಿದ್ರೆ ಈ ಸಂಖ್ಯೆಗಳಿಗೆ ಅರ್ಥ ಬರುತ್ತೆ. ಮನೆಯವರು ಬೆಳಗ್ಗೆ ಸಿಸ್ಟಂ ಆನ್ ಮಾಡಿ ಕೆಲಸಕ್ಕೆ ಹೋಗಿರ್ತಾರೆ. ಹಾಲಲ್ಲಿ ಗೋಡೆ ಮೂಲೇಲಿ ಒಂದು ಮೋಷನ್ ಸೆನ್ಸರ್, ಅದು ಮನುಷ್ಯನ್ನ ನೋಡೋದಿಲ್ಲ, ತನ್ನ ಮುಂದೆ ಶಾಖ ಇದ್ದಕ್ಕಿದ್ದ ಹಾಗೆ ಜಾಗ ಬದಲಾಯಿಸಿದ್ರೆ ಅದನ್ನ ಹಿಡಿಯುತ್ತೆ ಅಷ್ಟೇ. ಹೀಟರ್ ಆನ್ ಆಗಿ ಬಿಸಿಗಾಳಿಗೆ ಕರ್ಟನ್ ಅಲ್ಲಾಡಿದ್ರೂ ಅದಕ್ಕೆ ಯಾರೋ ನಡೆದ ಹಾಗೆ, ಸೋಫಾ ಮೇಲಿಂದ ಬೆಕ್ಕು ಹಾರಿದ್ರೂ ಹಾಗೇ, ಲೆನ್ಸ್ ಮೇಲೆ ಜೇಡ ಹರಿದ್ರೂ ಹಾಗೇ. ಸೆನ್ಸರಿಂದ ಗೋಡೆ ಮೇಲಿನ ಪ್ಯಾನಲ್ಲಿಗೆ ಸಿಗ್ನಲ್, ಪ್ಯಾನಲ್ ಸೈರನ್ ಹೊಡೆಯುತ್ತೆ, ಜೊತೆಗೆ ಟೆಲಿಫೋನ್ ಲೈನಲ್ಲಿ ಅಲಾರಂಗಳ ಮೇಲೆ ಕಣ್ಣಿಟ್ಟಿರೋ ಕಂಪನಿಯ ಮಾನಿಟರಿಂಗ್ ಸ್ಟೇಷನ್ನಿಗೆ ಸುದ್ದಿ ಕಳಿಸುತ್ತೆ. ಆ ಸ್ಟೇಷನ್ ಎಷ್ಟೋ ಸಲ ಇನ್ಯಾವುದೋ ರಾಜ್ಯದಲ್ಲಿರುತ್ತೆ, ಅಲ್ಲಿ ಕೂತಿರೋ ಆಪರೇಟರ್ ಪರದೆ ಮೇಲೆ ಕಾಣೋದು ಒಂದು ವಿಳಾಸ ಮತ್ತೆ ಯಾವ ಸೆನ್ಸರ್ ಅನ್ನೋ ಒಂದು ಸಾಲು, ಅಷ್ಟೇ. ಆ ಮನೆಗೆ ಫೋನ್ ಮಾಡ್ತಾರೆ, ಯಾರೂ ಎತ್ತಲ್ಲ, ಎತ್ತೋಕೆ ಯಾರಿದ್ದಾರೆ, ಎಲ್ಲಾರೂ ಆಫೀಸಲ್ಲಿ. ತಕ್ಷಣ ಸಾಲ್ಟ್ ಲೇಕ್ ಪೊಲೀಸ್ ಕಂಟ್ರೋಲ್ ರೂಮಿಗೆ ಫೋನ್. ಅಲ್ಲಿಂದ ಇಬ್ಬರು ಅಧಿಕಾರಿಗಳು ಹೊರಡ್ತಾರೆ, ಒಬ್ಬರನ್ನೇ ಕಳಿಸೋ ಹಾಗಿಲ್ಲ, ಯಾಕಂದ್ರೆ ಸಾವಿರದಲ್ಲಿ ನಿಜವಾಗಿರೋ ಆ ಮೂರರಲ್ಲಿ ಒಂದು ಇದೇ ಆಗಿದ್ರೆ? ಮನೆ ಸುತ್ತ ಬರ್ತಾರೆ, ಕಿಟಕಿ ಬಾಗಿಲು ಎಲ್ಲ ಚೆಕ್ ಮಾಡ್ತಾರೆ, ಚೀಟಿ ಒಂದು ಸಿಗಿಸಿ ಹೊರಡ್ತಾರೆ. ಒಂದೊಂದಕ್ಕೂ ಸುಮಾರು 20 ನಿಮಿಷ ಅಂತ ಲೆಕ್ಕ. ಎಂಟು ಸಾವಿರ ಕರೆ, ಇಬ್ಬರು, 20 ನಿಮಿಷ, ಗುಣಾಕಾರ ಹಾಕಿ ನೋಡಿ, ವರ್ಷಕ್ಕೆ ಐದು ಸಾವಿರ ಗಂಟೆ ಮೇಲೆ ಬರುತ್ತೆ. ಅದೇ ಹೊತ್ತಲ್ಲಿ ಇನ್ನೊಂದು ಕಡೆ ಗಂಡ ಹೆಂಡ್ತಿನ ಹೊಡೀತಿದ್ದಾನೆ ಅಂತ ಫೋನ್ ಬಂದಿರುತ್ತೆ, ಆಕ್ಸಿಡೆಂಟ್ ಆಗಿರುತ್ತೆ, ಅವರು ಕಾಯ್ಬೇಕು.

ಇನ್ನೊಂದು ವಿಷಯ, ಇದನ್ನ ಜನ ಅಷ್ಟಾಗಿ ಮಾತಾಡಲ್ಲ. ನೂರಾರು ಸಲ ಸುಮ್ನೆ ಹೋಗಿ ಬಂದ ಅಧಿಕಾರಿ ಮುಂದಿನ ಸಲ ಹುಷಾರಾಗಿ ಹೋಗಲ್ಲ. ಕೈ ಜೇಬಲ್ಲಿಟ್ಕೊಂಡು ಹಿತ್ತಲ ಬಾಗಿಲಿಗೆ ನಡೀತಾನೆ. ನಿಜವಾಗ್ಲೂ ಕಳ್ಳ ಒಳಗಿದ್ರೆ ಅಪಾಯ ಅವನಿಗೇ.

ಸರಿ, ಇದನ್ನ ತಡೆಯೋಕೆ ಮೊದಲೇ ಏನೂ ಮಾಡಿರಲಿಲ್ವಾ ಅಂದ್ರೆ ಮಾಡಿದ್ರು. ಅಮೆರಿಕದ ಬಹಳಷ್ಟು ಊರುಗಳ ಹಾಗೆ ಅಲ್ಲೂ ಪರ್ಮಿಟ್ ಇತ್ತು, ದಂಡ ಇತ್ತು. ಪರ್ಮಿಟ್ ಅಂದ್ರೆ ಅಲಾರಂ ಹಾಕಿಸೋರು ನಗರದ ಹತ್ತಿರ ರಿಜಿಸ್ಟರ್ ಮಾಡಿಸ್ಬೇಕು, ಹೆಸರು, ವಿಳಾಸ, ಯಾವ ಕಂಪನಿ ಮಾನಿಟರ್ ಮಾಡುತ್ತೆ, ನೀವು ಸಿಗದಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತೆಲ್ಲ ಕೊಡ್ಬೇಕು, ಸಾಮಾನ್ಯವಾಗಿ ಸಣ್ಣದೊಂದು ಫೀಸ್ ಇರುತ್ತೆ, ಕೆಲವು ಕಡೆ ವರ್ಷಾ ವರ್ಷಾ ರಿನ್ಯೂ ಮಾಡಿಸ್ಬೇಕು. ಆಮೇಲೆ ವರ್ಷದಲ್ಲಿ ಮೊದಲ ಒಂದೆರಡು ಫಾಲ್ಸ್ ಅಲಾರಂ ಮಾಫಿ, ಮೂರನೇದಕ್ಕೆ ದಂಡ, ನಾಲ್ಕನೇದಕ್ಕೆ ಇನ್ನೂ ಜಾಸ್ತಿ, ಹೀಗೆ ಏರ್ತಾ ಹೋಗುತ್ತೆ. ಊರಿಂದ ಊರಿಗೆ ಮೊತ್ತ ಬೇರೆ, ಪದ್ಧತಿ ಒಂದೇ.

ಕಾಗದದ ಮೇಲೆ ಇದು ಚೆನ್ನಾಗೇ ಇದೆ, ಮತ್ತೆ ನಾನು ಇದನ್ನ ಕೆಲಸಕ್ಕೆ ಬಾರದ್ದು ಅಂತ ಹೇಳ್ತಾ ಇಲ್ಲ. ತಿಂಗಳಿಗೆ ಹತ್ತು ಸಲ ಹೊಡ್ಕೊಳ್ಳೋ ಗೋಡೌನ್ ಇದ್ರೆ ಅದರ ಓನರಿಗೆ ನಾಲ್ಕು ಬಿಲ್ ಹೋದ್ಮೇಲೆ ಟೆಕ್ನಿಷಿಯನ್ ಕರೆಸ್ತಾನೆ, ಖಂಡಿತ. ಆದ್ರೆ ಲೆಕ್ಕದ ಇನ್ನೊಂದು ಕಡೆ ನೋಡಿ. ಊರಲ್ಲಿ ಸಾವಿರಾರು ಅಲಾರಂ ಇವೆ ಅಂತಿಟ್ಕೊಳ್ಳಿ, ಒಂದೊಂದು ಮನೆ ವರ್ಷಕ್ಕೆ ಒಂದೇ ಒಂದು ಸಲ ತಪ್ಪು ಮಾಡಿದ್ರೂ ಸಾಕು, ಸಾವಿರಾರು ಕರೆ ಆಯ್ತು, ದಂಡ ಒಬ್ಬರಿಗೂ ಇಲ್ಲ, ಎಲ್ಲಾ ಮಾಫಿ ಲೆಕ್ಕದಲ್ಲಿ ಹೋಯ್ತು. ಜೊತೆಗೆ ಹೊಸ ಸಿಸ್ಟಂಗಳು ವರ್ಷಾ ವರ್ಷ ಸೇರ್ತಾನೇ ಇರುತ್ತೆ, ಒಂದೊಂದು ಮನೆಯ ತಪ್ಪು ಅರ್ಧ ಆದ್ರೂ ಮನೆ ಡಬಲ್ ಆದ್ರೆ ಪೊಲೀಸರಿಗೆ ಮತ್ತೆ ಅಷ್ಟೇ ಓಡಾಟ. ಪರ್ಮಿಟ್ ತಗೊಳ್ಳದೇ ಇರೋರು ಬೇರೆ. ಮನೆ ಮಾರಿ ಹೋದವರ ಹೆಸರಲ್ಲೇ ಇರೋ ಪರ್ಮಿಟ್ ಬೇರೆ. ದಂಡದ ನೋಟಿಸ್ ಹೋದ್ರೆ ಗಾಳಿಗೆ ಆಗಿದ್ದು, ಕರೆಂಟ್ ಹೋಗಿ ಬಂದಿದ್ದಕ್ಕೆ ಆಗಿದ್ದು ಅಂತ ಅಪೀಲು, ಅದನ್ನ ಕೇಳೋಕೆ ಒಬ್ಬ ನೌಕರ, ವಸೂಲಿಗೆ ಇನ್ನೊಬ್ಬ. ದೊಡ್ಡ ಚೈನ್ ಸ್ಟೋರುಗಳಿಗೆ ಆ ದಂಡ ಕರೆಂಟ್ ಬಿಲ್ ಪಕ್ಕದಲ್ಲಿ ಇನ್ನೊಂದು ಸಾಲು, ಕಟ್ತಾರೆ ಸುಮ್ನಾಗ್ತಾರೆ.

ಎಲ್ಲಕ್ಕಿಂತ ಮುಖ್ಯ ಏನಂದ್ರೆ ದಂಡ ಬರೋ ಹೊತ್ತಿಗೆ ಪೊಲೀಸ್ ಗಾಡಿ ಹೋಗಿ ಬಂದಾಗಿರುತ್ತೆ. ಆ 20 ನಿಮಿಷ ಕಳೆದೇ ಹೋಗಿರುತ್ತೆ, ದುಡ್ಡು ಕೊಟ್ರೆ ಅದು ವಾಪಸ್ ಬರಲ್ಲ.

ಇನ್ನು ಈ ಫಾಲ್ಸ್ ಅಲಾರಂ ಯಾಕಾಗುತ್ತೆ ಅನ್ನೋದಕ್ಕೆ ಬರ್ತೀನಿ, ಯಾಕಂದ್ರೆ ತುಂಬಾ ಜನ ಇದು ಮಿಷನ್ ತಪ್ಪು ಅಂತ ತಿಳ್ಕೊಂಡಿದ್ದಾರೆ. ಜಾಸ್ತಿ ಪಾಲು ಮನುಷ್ಯರದ್ದೇ. ಕೋಡ್ ತಪ್ಪು ಒತ್ತೋದು, ಆನ್ ಮಾಡಿದ್ಮೇಲೆ ಮರೆತಿದ್ದ ಪರ್ಸಿಗೆ ವಾಪಸ್ ಒಳಗೆ ಹೋಗೋದು, ಕ್ಲೀನಿಂಗಿಗೆ ಬಂದವರಿಗೆ ಕೋಡ್ ಹೇಳದೇ ಇರೋದು, ಬಾಗಿಲು ಸರಿಯಾಗಿ ಹಾಕದೇ ಗಾಳಿಗೆ ತೆರ್ಕೊಳ್ಳೋದು. ಅಮೆರಿಕದಲ್ಲಿರೋ ನಮ್ಮ ಕನ್ನಡದವರ ಮನೆಗಳಲ್ಲಿ ಇದಕ್ಕೆ ಇನ್ನೊಂದು ರೂಪ ಇದೆ, ಡಲ್ಲಾಸು, ಅಟ್ಲಾಂಟಾ, ಸಿಯಾಟಲ್ ಕಡೆ ಇರೋ ಯಾರನ್ನ ಕೇಳಿದ್ರೂ ಹೇಳ್ತಾರೆ. ಊರಿಂದ ಅಪ್ಪ ಅಮ್ಮ ಬಂದಿರ್ತಾರೆ, ಜೆಟ್ ಲ್ಯಾಗು, ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ಮಗ ಸೊಸೆ ರಾತ್ರಿ ಮಲಗೋ ಮುಂಚೆ ಸಿಸ್ಟಂ ಆನ್ ಮಾಡಿ ಮೇಲೆ ಮಲಗಿದ್ದಾರೆ. ಅಮ್ಮ ಮುಖ ತೊಳ್ಕೊಂಡು ಹಿಂದಿನ ಗ್ಲಾಸ್ ಡೋರ್ ಸರಿಸಿ ತುಳಸಿ ಕುಂಡಕ್ಕೆ ನೀರು ಹಾಕೋಣ ಅಂತ ಹೊರಡ್ತಾರೆ. ಪ್ಯಾನಲ್ ಪೀಂ ಪೀಂ ಅಂತ ಮೂವತ್ತು ಸೆಕೆಂಡ್ ಎಚ್ಚರಿಕೆ ಕೊಡುತ್ತೆ, ಅದು ಕೋಡ್ ಒತ್ತು ಅಂತ ಹೇಳ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು, ಅವರು ಎಲ್ಲೋ ಕುಕ್ಕರ್ರೋ ಮೈಕ್ರೋವೇವೋ ಅಂತ ಅಡುಗೆಮನೆ ಕಡೆ ನೋಡ್ತಿರ್ತಾರೆ, ಅಷ್ಟರಲ್ಲಿ ಇಡೀ ಬೀದಿಗೆ ಕೇಳೋ ಹಾಗೆ ಸೈರನ್. ಹಗಲಲ್ಲಾದ್ರೆ ಇನ್ನೂ ಫಜೀತಿ, ಮನೇಲಿ ಅವರಿಬ್ಬರೇ, ಮಾನಿಟರಿಂಗ್ ಕಂಪನಿಯವರು ಫೋನ್ ಮಾಡಿ ಇಂಗ್ಲಿಷಲ್ಲಿ ಪಾಸ್‌ವರ್ಡ್ ಕೇಳ್ತಾರೆ, ಇವರು ಹಲೋ ಹಲೋ ಅಂತಾರೆ, ಪಾಸ್‌ವರ್ಡ್ ಬರಲಿಲ್ಲ ಅಂದ್ರೆ ಅವರ ರೂಲ್ ಪ್ರಕಾರ ಮುಂದಿನ ಫೋನ್ ಪೊಲೀಸಿಗೆ. ಇಲ್ಲಿ ಮಿಷನ್ ಏನೂ ತಪ್ಪು ಮಾಡಿಲ್ಲ, ಕೊಟ್ಟ ಕೆಲಸ ಸರಿಯಾಗೇ ಮಾಡಿದೆ.

ಇಂಡಸ್ಟ್ರಿಯವರು ಕೂಡ ಕೈಕಟ್ಟಿ ಕೂತಿರಲಿಲ್ಲ, ಅದನ್ನೂ ಹೇಳ್ಬೇಕು. ಹೊರಗೆ ಹೋಗೋಕೆ ಕೊಡೋ ಸಮಯ ಜಾಸ್ತಿ ಮಾಡೋದು, ಒಂದೇ ಸೆನ್ಸರ್ ಪದೇ ಪದೇ ಹೊಡ್ಕೊಂಡ್ರೆ ಅದನ್ನ ಪ್ಯಾನಲ್ಲೇ ಸುಮ್ಮನಾಗಿಸೋದು, ಎರಡು ಸೆನ್ಸರ್ ಹಿಂದೆ ಹಿಂದೆ ಹೊಡೆದ್ರೆ ಮಾತ್ರ ಸಿಗ್ನಲ್ ಕಳಿಸೋದು, ಪೊಲೀಸಿಗೆ ಹೇಳೋಕೆ ಮುಂಚೆ ಒಂದಲ್ಲ ಎರಡು ನಂಬರಿಗೆ ಫೋನ್ ಮಾಡೋದು, ಇವೆಲ್ಲ ಬಂದ್ವು, ಇವುಗಳಿಂದ ಕರೆ ಕಡಿಮೆನೂ ಆಗುತ್ತೆ. ಎರಡು ಫೋನ್ ಮಾಡೋ ಪದ್ಧತಿಯನ್ನ ಆಮೇಲೆ ಹಲವು ರಾಜ್ಯಗಳು ಕಾನೂನೇ ಮಾಡಿದ್ವು. ಮೊಬೈಲ್ ಎಲ್ಲರ ಕೈಗೂ ಬಂದ್ಮೇಲೆ ಇದು ಇನ್ನೂ ಸುಲಭ ಆಯ್ತು.

ಆದ್ರೆ ಸಾಲ್ಟ್ ಲೇಕಿನವರು ಕೇಳಿದ ಪ್ರಶ್ನೆನೇ ಬೇರೆ. ಅಲಾರಂ ಮಾರಿ ದುಡ್ಡು ಮಾಡ್ತಿರೋದು ಕಂಪನಿ, ತಿಂಗಳಾ ತಿಂಗಳಾ ಮಾನಿಟರಿಂಗ್ ಫೀಸ್ ತಗೊಳ್ತಿರೋದು ಕಂಪನಿ, ರಕ್ಷಣೆ ಸಿಗ್ತಿರೋದು ಆ ಮನೆಗೆ, ಹಾಗಿದ್ಮೇಲೆ ಹೋಗಿ ನೋಡಿ ಬರೋ ಕೆಲಸ ಮಾತ್ರ ಯಾಕೆ ಊರವರೆಲ್ಲರ ತೆರಿಗೆ ದುಡ್ಡಲ್ಲಿ? ಅಲಾರಂ ಇಲ್ಲದೇ ಇರೋ ಬಡವನ ತೆರಿಗೆನೂ ಅದರಲ್ಲಿ ಸೇರಿದೆ ಅಲ್ವಾ? ಅಲ್ಲಿನ ಪೊಲೀಸ್ ಇಲಾಖೆಯ ಅಲಾರಂ ಅಡ್ಮಿನಿಸ್ಟ್ರೇಟರ್ ಆಗಿದ್ದ ಶಾನ್ನಾ ವರ್ನರ್ ಈ ವಾದವನ್ನ ಮುಂದಿಟ್ಟು ಗಟ್ಟಿಯಾಗಿ ನಿಂತವರು, ಆಮೇಲೆ ಬೇರೆ ಊರಿನ ಪೊಲೀಸರಿಗೂ ಇದನ್ನ ತಿಳಿಸಿ ಹೇಳ್ತಿದ್ರು. ಟೆಂಪಲ್ ಯೂನಿವರ್ಸಿಟಿಯ ಅರ್ಥಶಾಸ್ತ್ರಜ್ಞರಾದ ಬ್ಲ್ಯಾಕ್‌ಸ್ಟೋನ್, ಹಕೀಂ ಇಬ್ಬರೂ ಇದೇ ದಾರಿಯಲ್ಲಿ ವಾದ ಮಾಡಿದ್ರು, ಅಲಾರಮ್ಮಿಗೆ ಹೋಗಿ ನೋಡೋದು ಖಾಸಗಿ ಸೇವೆ, ಅದನ್ನ ಪೊಲೀಸರು ಪುಕ್ಸಟೆ ಕೊಡ್ತಿರೋದ್ರಿಂದಲೇ ಯಾರೂ ತಪ್ಪು ತಿದ್ಕೊಳ್ತಿಲ್ಲ ಅಂತ. ಗಮನಿಸಬೇಕಾದ ವಿಷಯ ಏನಂದ್ರೆ ಅಲಾರಂ ಇರೋ ಮನೆಗೆ ಕಳ್ಳರು ನುಗ್ಗೋದು ಕಡಿಮೆ ಅಂತ ಅಧ್ಯಯನ ಮಾಡಿ ತೋರಿಸಿದವರಲ್ಲೂ ಇದೇ ಹಕೀಂ ಇದ್ದಾರೆ. ಅಂದ್ರೆ ಇವರು ಅಲಾರಂ ವಿರೋಧಿಗಳಲ್ಲ, ಸೈರನ್ ಕೂಗಿ ಕಳ್ಳನ್ನ ಓಡಿಸೋದು ಒಂದು, ಅದಕ್ಕೆ ಪ್ರತಿ ಸಲ ಪೊಲೀಸ್ ಓಡೋದು ಇನ್ನೊಂದು ಅಂತ ಬೇರೆ ಮಾಡಿ ನೋಡಿದವರು.

ವಿರೋಧ ಜೋರಾಗೇ ಬಂತು. ಪೊಲೀಸ್ ಬರಲ್ಲ ಅಂತ ಬೋರ್ಡ್ ಹಾಕಿದ್ರೆ ಕಳ್ಳರಿಗೆ ಹಬ್ಬ, ಗಾರ್ಡ್ ಬರೋಷ್ಟರಲ್ಲಿ ಎಲ್ಲಾ ಖಾಲಿ, ತರಬೇತಿ ಇಲ್ಲದ ಗಾರ್ಡ್ ಕಳ್ಳನ ಎದುರಿಗೆ ಸಿಕ್ಕಿಹಾಕ್ಕೊಂಡ್ರೆ ಪ್ರಾಣಕ್ಕೇ ಕುತ್ತು, ಗ್ರಾಹಕರಿಗೆ ಖರ್ಚು ಜಾಸ್ತಿ, ಹೀಗೆ ಅಲಾರಂ ಉದ್ಯಮದವರ ವಾದಗಳು. ಇದರಲ್ಲಿ ಗಾರ್ಡಿನ ಸುರಕ್ಷತೆ ಬಗ್ಗೆ ಹೇಳಿದ್ದು ಸುಮ್ನೆ ತಳ್ಳಿಹಾಕೋ ಮಾತಲ್ಲ. ಅದಕ್ಕೆ ಉತ್ತರ, ಗಾರ್ಡ್ ಕೆಲಸ ಕಳ್ಳನ್ನ ಹಿಡಿಯೋದಲ್ಲ, ನೋಡಿ ಹೇಳೋದು, ಒಡೆದ ಕಿಟಕಿ ಕಂಡ ತಕ್ಷಣ ದೂರ ನಿಂತು ಫೋನ್ ಮಾಡೋದು. ಅಂಥ ಫೋನ್ ಬಂದಾಗ ಪೊಲೀಸರು ಅದನ್ನ ನಡೀತಿರೋ ಅಪರಾಧ ಅಂತಲೇ ತಗೊಂಡು ಓಡ್ಬೇಕು. ಮೊದಲು ಅಲಾರಂ ಕರೆ ಅಂದ್ರೆ ಪಟ್ಟಿಯಲ್ಲಿ ಕೆಳಗೆ ಬಿದ್ದಿರ್ತಿತ್ತು, ಬಿಡುವಾದಾಗ ಹೋಗೋದು, ಈಗ ಅದೇ ಜಾಗದಿಂದ ಒಬ್ಬ ಮನುಷ್ಯ ನಾನು ನೋಡ್ತಾ ಇದ್ದೀನಿ ಅಂತ ಹೇಳಿದ್ರೆ ಪಟ್ಟಿಯಲ್ಲಿ ಮೇಲೆ.

ಮತ್ತೆ ಒಂದು ಮುಖ್ಯವಾದ ವಿನಾಯಿತಿ ಇತ್ತು, ಇದನ್ನ ಬಿಟ್ಟು ಹೇಳಿದ್ರೆ ರೂಲ್ ಅರ್ಧ ಮಾತ್ರ ಹೇಳಿದ ಹಾಗೆ. ಮನುಷ್ಯರೇ ಕೈಯಾರೆ ಒತ್ತೋ ಅಲಾರಂಗಳಿಗೆ ಇದು ಅನ್ವಯ ಇಲ್ಲ. ಬ್ಯಾಂಕ್ ಕೌಂಟರ್ ಕೆಳಗಿನ ಬಟನ್, ದರೋಡೆ ಬಟನ್, ಮನೇಲಿರೋ ಪ್ಯಾನಿಕ್ ಬಟನ್, ಇವಕ್ಕೆ ಮೊದಲಿನ ಹಾಗೇ ಪೊಲೀಸ್ ನೇರ ಬರ್ತಾರೆ, ಯಾಕಂದ್ರೆ ಅಲ್ಲಿ ಆಗಲೇ ಒಬ್ಬ ಮನುಷ್ಯ ಅಪಾಯ ನೋಡಿ ಒತ್ತಿದ್ದಾನೆ. ಸೆನ್ಸರ್ ತಾನಾಗೇ ಕಳಿಸಿದ್ದಕ್ಕೆ ಮಾತ್ರ ಸಾಕ್ಷಿ ಬೇಕು.

ಫಲಿತಾಂಶ ಏನಾಯ್ತು ಅಂದ್ರೆ ಮೊದಲ ವರ್ಷದಲ್ಲೇ ಪೊಲೀಸರು ಹೋಗೋ ಅಲಾರಂ ಕರೆಗಳು ಸುಮಾರು 90% ಇಳಿದ್ವು. ವರ್ಷಗಟ್ಟಲೆ ಪರ್ಮಿಟ್ಟು ದಂಡ ಇಟ್ಕೊಂಡು ಆಗದೇ ಇದ್ದಿದ್ದು. ಕಳ್ಳತನ ಎರ್ರಾಬಿರ್ರಿ ಏರುತ್ತೆ ಅಂತ ಹೆದರಿಸಿದ್ದು ಆಗಲಿಲ್ಲ. ಉಳಿದ ತುರ್ತು ಕರೆಗಳಿಗೆ ಪೊಲೀಸರು ಬೇಗ ತಲುಪೋಕೆ ಶುರು ಮಾಡಿದ್ರು. 2002ರ ಫೆಬ್ರವರಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಆಗಿದ್ದು ಇದೇ ಊರಲ್ಲಿ, ಅದೂ ಸೆಪ್ಟೆಂಬರ್ 11ರ ದಾಳಿ ಆಗಿ ಐದು ತಿಂಗಳಿಗೆ. ಒಬ್ಬೊಬ್ಬ ಅಧಿಕಾರಿಯ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರೋ ಹೊತ್ತಲ್ಲಿ ಬೆಕ್ಕು ಹಾರಿದ್ದಕ್ಕೆ ಗಾಡಿ ಕಳಿಸೋ ಕೆಲಸ ಇರಲಿಲ್ಲ.

ಇಲ್ಲಿ ಏನು ಬದಲಾಯ್ತು ಅಂತ ಯೋಚಿಸಿ. ಬೆಕ್ಕು ಹಾರೋದು ನಿಂತಿಲ್ಲ, ಕೋಡ್ ಮರೆಯೋದು ನಿಂತಿಲ್ಲ. ಅಲಾರಂಗಳು ಹೊಡ್ಕೊಳ್ತಾನೇ ಇದ್ವು, ಆದ್ರೆ ಅದರ ಬೆಲೆ ಈಗ ಕಂಪನಿ ಮತ್ತೆ ಗ್ರಾಹಕರ ತಲೆ ಮೇಲೆ ಬಂತು. ಗಾರ್ಡ್ ಕಳಿಸಿದ್ರೆ ದುಡ್ಡು, ಹಾಗಾಗಿ ಕಂಪನಿಗೇ ಈಗ ಸೆನ್ಸರ್ ಸರಿ ಮಾಡಿಸೋ ಆಸಕ್ತಿ ಬಂತು, ಗ್ರಾಹಕನಿಗೆ ಮಕ್ಕಳಿಗೂ ಕೋಡ್ ಹೇಳಿಕೊಡೋ ಆಸಕ್ತಿ ಬಂತು. ದಂಡದಿಂದ ಮಾಡಿಸೋಕೆ ಒದ್ದಾಡ್ತಿದ್ದ ಕೆಲಸ ದಂಡ ಇಲ್ಲದೇ ಆಯ್ತು. ನಾನು ಈ ಕೇಸನ್ನ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿರೋದು ಇದೇ ಕಾರಣಕ್ಕೆ.

ಎಲ್ಲಾ ಕಡೆ ಹೀಗೇ ಆಗಿದ್ಯಾ ಅಂದ್ರೆ ಇಲ್ಲ. ಲಾಸ್ ವೇಗಸ್ ತೊಂಬತ್ತರ ದಶಕದ ಶುರುವಿಂದಲೇ ಈ ದಾರೀಲಿ ಇತ್ತು. ಲಾಸ್ ಏಂಜಲೀಸಲ್ಲಿ 2003ರಲ್ಲಿ ಪೊಲೀಸ್ ಇಲಾಖೆಯ ಮೇಲ್ವಿಚಾರಣೆ ಮಾಡೋ ಪೊಲೀಸ್ ಕಮಿಷನ್ ಇದನ್ನೇ ತರೋಕೆ ಹೋದಾಗ ಗಲಾಟೆ ಎದ್ದು ಮಧ್ಯದ ದಾರಿ ಹಿಡಿದ್ರು, ವರ್ಷಕ್ಕೆ ಎರಡು ಫಾಲ್ಸ್ ಅಲಾರಂವರೆಗೆ ಪೊಲೀಸ್ ಬರ್ತಾರೆ, ಆಮೇಲೆ ಸಾಕ್ಷಿ ಬೇಕು ಅಂತ. ಡಲ್ಲಾಸಿನ ಕೇಸ್ ಓದ್ಲೇಬೇಕಾದ್ದು, ಅಲ್ಲಿ 2006ರ ಫೆಬ್ರವರಿಯಿಂದ ಅಂಗಡಿ ಆಫೀಸುಗಳಿಗೆ ಮಾತ್ರ ಈ ರೂಲ್ ಹಾಕಿದ್ರು, ಮನೆಗಳನ್ನ ಬಿಟ್ರು. ವ್ಯಾಪಾರಿಗಳಿಗೆ ನಮಗೆ ಮಾತ್ರ ಯಾಕೆ ಅನ್ನೋ ಸಿಟ್ಟು, ಕಳ್ಳತನ ಜಾಸ್ತಿ ಆಯ್ತು ಅನ್ನೋ ದೂರು, 2007ರಲ್ಲಿ ಹೊಸ ಮೇಯರ್ ಬಂದ್ಮೇಲೆ ರೂಲ್ ವಾಪಸ್ ತಗೊಂಡ್ರು. ನನಗನಿಸೋದು, ಅರ್ಧ ಜನಕ್ಕೆ ಒಂದು ನ್ಯಾಯ ಇನ್ನರ್ಧಕ್ಕೆ ಒಂದು ಅಂತ ಮಾಡಿದ್ರೆ ಯಾವ ಒಳ್ಳೆ ರೂಲೂ ಉಳಿಯಲ್ಲ. ಅದೂ ಅಲ್ದೆ ಸಣ್ಣ ಅಂಗಡಿಯವನಿಗೆ ರಾತ್ರಿ ಎರಡು ಗಂಟೆಗೆ ತಾನೇ ಎದ್ದು ಹೋಗೋದು ಬಿಟ್ರೆ ಬೇರೆ ದಾರಿ ಇರಲ್ಲ, ಗಾರ್ಡ್ ಸೇವೆಗೆ ದುಡ್ಡು ಕೊಡೋ ಶಕ್ತಿ ಎಲ್ಲರಿಗೂ ಇಲ್ಲ. ವೆರಿಫೈಡ್ ರೆಸ್ಪಾನ್ಸ್ ಬಗ್ಗೆ ನನಗೆ ಇವತ್ತಿಗೂ ಬಗೆಹರಿಯದ ಚಿಂತೆ ಇದೊಂದೇ.

ಜಾರ್ಜಿಯಾದ ಸ್ಯಾಂಡಿ ಸ್ಪ್ರಿಂಗ್ಸ್ ಇನ್ನೊಂದು ದಿಕ್ಕಿಂದ ಬಂತು. ಅಟ್ಲಾಂಟಾ ಪಕ್ಕದ ಲಕ್ಷ ಜನರ ಊರು ಅದು. ಮೊದ್ಲು ಬಳಕೆದಾರರಿಗೆ ದಂಡ ಹಾಕಿ ನೋಡಿದ್ರು, ಸಾಕಾಗಲಿಲ್ಲ, ಆಮೇಲೆ ದಂಡವನ್ನ ಮನೆಯವರಿಂದ ತೆಗೆದು ಅಲಾರಂ ಕಂಪನಿ ಮೇಲೆ ಹಾಕಿದ್ರು. ಕಂಪನಿಗಳ ಸಂಘ ಫೆಡರಲ್ ಕೋರ್ಟಿಗೆ ಹೋಯ್ತು, ಗ್ರಾಹಕ ಬಾಗಿಲು ತೆರೆದು ಬಿಟ್ರೆ ನಮಗ್ಯಾಕೆ ದಂಡ, ಇದು ಸಂವಿಧಾನಕ್ಕೆ ವಿರುದ್ಧ ಅಂತ. ಅಟ್ಲಾಂಟಾದಲ್ಲಿರೋ ಹನ್ನೊಂದನೇ ಸರ್ಕ್ಯೂಟ್ ಅಪೀಲು ಕೋರ್ಟ್ 2020ರಲ್ಲಿ ನಗರದ ಪರ ತೀರ್ಪು ಕೊಡ್ತು, ಪೊಲೀಸರಿಗೆ ಕರೆ ಮಾಡೋರು ಕಂಪನಿಯವರೇ ಆಗಿರೋದ್ರಿಂದ ಅವರ ಮೇಲೆ ದಂಡ ಹಾಕಿ ಸುಳ್ಳು ಕರೆ ಕಡಿಮೆ ಮಾಡೋಕೆ ನೋಡೋದು ತರ್ಕಕ್ಕೆ ಕೂರುತ್ತೆ ಅನ್ನೋ ಅರ್ಥದಲ್ಲಿ. ಆ ಹೊತ್ತಿಗೆ ಸ್ಯಾಂಡಿ ಸ್ಪ್ರಿಂಗ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2019ರಿಂದ ವಿಡಿಯೋ, ಆಡಿಯೋ ಇಲ್ಲಾ ಕಣ್ಣಾರೆ ನೋಡಿದ ಸಾಕ್ಷಿ ಕೇಳೋಕೆ ಶುರು ಮಾಡಿತ್ತು. ಕ್ಯಾಮೆರಾ ಈಗ ಅಗ್ಗ, ಗಾರ್ಡೇ ಹೋಗ್ಬೇಕು ಅಂತಿಲ್ಲ, ಫೋನಲ್ಲೇ ಮನೆ ಹಾಲ್ ನೋಡ್ಬೋದು. ಸಣ್ಣ ಅಂಗಡಿಯವನ ಕಷ್ಟ ಇದರಿಂದ ಸ್ವಲ್ಪ ಮಟ್ಟಿಗೆ ಕಡಿಮೆ ಆಗಿದೆ ಅನ್ನೋದು ನಿಜ.

ಸಿಯಾಟಲ್ ಪೊಲೀಸರು 2024ರ ಅಕ್ಟೋಬರ್ 1ರಿಂದ ಹೀಗೇ ಸಾಕ್ಷಿ ಕೇಳೋಕೆ ಶುರು ಮಾಡಿದ್ರು. 2023ರಲ್ಲಿ ಅವರಿಗೆ ಸುಮಾರು 13,000 ಕಳ್ಳತನದ ಅಲಾರಂ ಕರೆ ಬಂದಿತ್ತು, ಅದರಲ್ಲಿ ಅರೆಸ್ಟ್ ಆಗಿದ್ದು ಅಥವಾ ಕೇಸ್ ಬರೆದಿದ್ದು 4%ಗಿಂತ ಕಡಿಮೆ. ಸಿಬ್ಬಂದಿ ಕಡಿಮೆ ಇದ್ದಾರೆ, ಇದಕ್ಕೆಲ್ಲ ಕಳಿಸೋಕಾಗಲ್ಲ ಅಂತ ನೇರವಾಗಿ ಹೇಳಿದ್ರು.

ನಮ್ಮ ಬೆಂಗಳೂರು ಮೈಸೂರು ಕಡೆ ನೋಡಿದ್ರೆ ಚಿತ್ರ ಬೇರೆ ಇದೆ. ಅಂಗಡಿಗೆ ಅಲಾರಂ ಹಾಕಿಸಿದ್ರೆ ಅದು ಸಾಮಾನ್ಯವಾಗಿ ಮೊದ್ಲು ಫೋನ್ ಮಾಡೋದು ಓನರಿಗೆ. ಚಿನ್ನದಂಗಡಿ ಶಟರ್ ಸೆನ್ಸರ್ ಹೊಡ್ಕೊಂಡ್ರೆ ಸೇಠು ವಾಚ್‌ಮನ್ನಿಗೆ ಫೋನ್ ಮಾಡ್ತಾನೆ, ವಾಚ್‌ಮನ್ ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ತಾನೆ, ಏನಾದ್ರೂ ಇದ್ರೆ ಆಗ 112. ಸಾಲ್ಟ್ ಲೇಕಿನವರು ಕಾನೂನು ಮಾಡಿ ತಂದಿದ್ದು ನಮ್ಮಲ್ಲಿ ರೂಢಿಯಲ್ಲೇ ಇದೆ. ಆದ್ರೆ ಹೊಸ ಅಪಾರ್ಟ್‌ಮೆಂಟು, ಸ್ಮಾರ್ಟ್ ಲಾಕು, ಆ್ಯಪಲ್ಲಿ ಬರೋ ಸೆನ್ಸರು ಅಂತ ಎಲ್ಲ ಹೆಚ್ಚಾಗ್ತಿದೆ, ಮುಂದೆ ಯಾರಾದ್ರೂ ಇವನ್ನೆಲ್ಲ ತಾನೇ ತಾನಾಗಿ 112ಕ್ಕೆ ಜೋಡಿಸ್ತೀವಿ ಅಂತ ಬಂದ್ರೆ ಇಲ್ಲಿನ ಪೊಲೀಸರು ಮೊದ್ಲು ಸಾಲ್ಟ್ ಲೇಕ್ ಲೆಕ್ಕ ತೆಗೆದು ನೋಡ್ಲಿ ಅಂತ ನನ್ನ ಕೋರಿಕೆ. ಜೋಡಿಸೋದು ಸುಲಭ, ಜನಕ್ಕೆ ಅಭ್ಯಾಸ ಆದ್ಮೇಲೆ ಬಿಡಿಸೋದು ಎಷ್ಟು ಕಷ್ಟ ಅಂತ ಡಲ್ಲಾಸಿನವರನ್ನ ಕೇಳಿದ್ರೆ ಗೊತ್ತಾಗುತ್ತೆ.

ಹಾಗಾದ್ರೆ ಪರ್ಮಿಟ್ ಬೇಡ್ವಾ ಅಂತ ಕೇಳ್ತಾರೆ. ಬೇಕು. ದಂಡ ಹಾಕೋಕೆ ಅಂತಲ್ಲ, ರಾತ್ರಿ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ಪಟ್ಟಿ ಇರೋದು ಅದರಲ್ಲೇ, ಮತ್ತೆ ಯಾವ ಜಾಗ ಪದೇ ಪದೇ ಹೊಡ್ಕೊಳ್ತಿದೆ, ಅದರ ಹಿಂದೆ ಯಾವ ಕಂಪನಿ ಇದೆ ಅಂತ ನಗರಕ್ಕೆ ಗೊತ್ತಾಗೋದು ಆ ದಾಖಲೆ ಸರಿ ಇದ್ರೆ ಮಾತ್ರ. ಅಮೆರಿಕದಲ್ಲಿ ಹೊಸದಾಗಿ ಮನೆ ತಗೊಂಡ ನಮ್ಮವರು ಹಳೇ ಓನರ್ ಸಿಸ್ಟಂ ಬಿಟ್ಟು ಹೋಗಿದ್ರೆ ಅದನ್ನ ಆನ್ ಮಾಡೋ ಮುಂಚೆ ಆ ಊರಿನ ಪೊಲೀಸ್ ಅಥವಾ ಸಿಟಿ ಆಫೀಸಲ್ಲಿ ಪರ್ಮಿಟ್ ರೂಲ್ ಏನು ಅಂತ ಕೇಳ್ಕೊಳ್ಳಿ, ಊರು ದಾಟಿದ್ರೆ ರೂಲ್ ಬೇರೆ, ಪರ್ಮಿಟ್ ಇಲ್ಲದೇ ಹೊಡ್ಕೊಂಡ್ರೆ ಕೆಲವು ಕಡೆ ದಂಡ ಇನ್ನೂ ಜಾಸ್ತಿ. ಫೋನ್ ಪಟ್ಟಿಯಲ್ಲಿ ಗಂಡ ಹೆಂಡ್ತಿ ಇಬ್ಬರದ್ದೇ ಹಾಕಿ ಇಬ್ಬರೂ ಮೀಟಿಂಗಲ್ಲಿ ಕೂತ್ರೆ ಪ್ರಯೋಜನ ಇಲ್ಲ, ಐದು ನಿಮಿಷದಲ್ಲಿ ನಡೆದು ಬಂದು ನೋಡೋ ಹಾಗಿರೋ ಪಕ್ಕದ ಮನೆಯವರೊಬ್ಬರ ನಂಬರ್ ಸೇರಿಸಿ, ಅವರನ್ನ ಕೇಳಿ ಸೇರಿಸಿ. ಊರಿಂದ ಅಪ್ಪ ಅಮ್ಮ ಬರೋ ವಾರವೇ ಅವರಿಗೆ ಬೇರೆ ಕೋಡ್ ಒಂದು ಮಾಡಿಕೊಡಿ, ಅವರಿಗೆ ನೆನಪಿರೋ ನಾಲ್ಕು ಅಂಕಿ, ಅವರ ಕೈಯಲ್ಲೇ ಎರಡು ಮೂರು ಸಲ ಒತ್ತಿಸಿ, ಪಾಸ್‌ವರ್ಡ್ ಪದವನ್ನ ಕನ್ನಡದ್ದೇ ಇಡಿ, ಫೋನ್ ಪಕ್ಕ ಕನ್ನಡದಲ್ಲೇ ಬರೆದು ಅಂಟಿಸಿ. ಸಿಸ್ಟಂ ಟೆಸ್ಟ್ ಮಾಡೋ ದಿನ ಮಾನಿಟರಿಂಗ್ ಕಂಪನಿಗೆ ಮೊದಲೇ ಫೋನ್ ಮಾಡಿ ಟೆಸ್ಟ್ ಮೋಡ್‌ಗೆ ಹಾಕಿಸ್ಕೊಳ್ಳಿ, ಆಗ ಸಿಗ್ನಲ್ ಬಂದ್ರೂ ಅವರು ಪೊಲೀಸಿಗೆ ಫೋನ್ ಮಾಡಲ್ಲ.